ರಜಿಸ್ಟರು ಬರೆದವಳ ಪತ್ರ

ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಆಡಳಿತ, ಆರೋಗ್ಯ ನೀತಿ ಓದಲು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮ್ಮ ಮಕ್ಕಳಿಗೆ,

ತಮ್ಮಾ, ತಂಗೀ,

ನಿಮ್ಮಲ್ಲಿ ಕೆಲವರನ್ನು, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ, ನಾನು ಬರೆದುಕೊಂಡಿದ್ದೇನೆ. ಆಗ ನಿಮ್ಮ ಮುಂದೆ 'ಹೆಣ್ಣು, 2 ಕಿಲೊ 400' ಎಂದೋ 'ಗಂಡು, 2 ಕಿಲೊ 900' ಎಂದೋ ಇತ್ತು. ಪಕ್ಕದ ಕಾಲಮ್ಮಿನಲ್ಲಿ ನಿಮ್ಮ ಅವ್ವನ ಹೆಸರು, ಎಷ್ಟನೆಯ ಹೆರಿಗೆ, ಮೈಯಲ್ಲಿ ರಕ್ತ ಎಷ್ಟು, ಊರು, ಓಣಿ. ಮೂವತ್ತೆರಡು ವರ್ಷ ಉಪಕೇಂದ್ರಗಳಲ್ಲಿ ದುಡಿದವಳು ನಾನು. ಸರ್ಕಾರ ನಮ್ಮ ಹುದ್ದೆಗೆ ಆಗಾಗ ಹೊಸ ಹೆಸರು ಕೊಟ್ಟಿತು: ಎಎನ್‌ಎಂ ಎಂದಿತು, ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಿತು, ಆಮೇಲೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದಿತು. ಊರವರ ಬಾಯಲ್ಲಿ ಮಾತ್ರ ಕೊನೆಯವರೆಗೂ 'ನರ್ಸಬಾಯಾರ' ಆಗಿಯೇ ಉಳಿದೆ. ಮೊದಲು ಹುಕ್ಕೇರಿ ತಾಲೂಕು, ಆಮೇಲೆ ಗೋಕಾಕ. ಕಡೆಯ ವರ್ಷಗಳಲ್ಲಿ ನಾನು ಕುಳಿತ ಖುರ್ಚಿ ಇದ್ದಲ್ಲೇ ಇತ್ತು, ತಾಲೂಕು ಮೂಡಲಗಿಯಾಯಿತು.

ನಿಮ್ಮ ಓದಿನ ಬಗ್ಗೆ ಮಾತಾಡುವ ಹಕ್ಕು ನನಗೇನಿದೆ ಎಂದು ಕೇಳಬಹುದು. ನೀವು ಪರದೆಯ ಮೇಲೆ ನೋಡುವ ಅಂಕಿಗಳಲ್ಲಿ ಒಂದಿಷ್ಟನ್ನು ಬೆರಳಿಗೆ ಶಾಯಿ ಹತ್ತಿಸಿಕೊಂಡು ಬರೆದವಳು ನಾನು. ಅಷ್ಟೇ ಹಕ್ಕು.

ಹೋದ ವರ್ಷ ನಮ್ಮ ಓಣಿಗೆ ಇಬ್ಬರು ವಿದ್ಯಾರ್ಥಿಗಳು ಬಂದಿದ್ದರು. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಗುರುತಿನ ಚೀಟಿ. ಒಳ್ಳೆಯ ಮಕ್ಕಳು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು, ಕೊಟ್ಟ ನೀರು ಕುಡಿದರು. ಪಕ್ಕದ ಮನೆಯ ಸೊಸೆಗೆ ಆರು ತಿಂಗಳ ಹಿಂದೆ ಆಪರೇಷನ್ ಮಾಡಿ ಹೆರಿಗೆಯಾಗಿತ್ತು. "ಆಸ್ಪತ್ರೆಗೆ ಒಟ್ಟು ಎಷ್ಟು ಖರ್ಚಾಯ್ತು?" ಎಂದು ಕೇಳಿದರು. ಅತ್ತೆ ಅಂದಳು: "ಎಮ್ಮಿ ಮಾರಿದ್ವಿ." "ಅಮ್ಮಾ, ರೂಪಾಯಿಯಲ್ಲಿ ಹೇಳಬೇಕು." "ರೂಪಾಯಿ ಕೊಟ್ಟು ಮುಗೀತಲ್ಲ. ಎಮ್ಮಿ ಹೋತು, ಹಾಲು ಹೋತು, ಡೈರಿ ಬಟವಾಡೆ ನಿಂತ್ತು. ಅದನ್ನ ಯಾವ ಲೆಕ್ಕಕ್ಕ ಹಿಡೀತೀರಿ?" ಆ ಹುಡುಗಿ ಟ್ಯಾಬಿನ ಮೇಲೆ ಬೆರಳು ಹಿಡಿದು ಸುಮ್ಮನೆ ನಿಂತಳು. ಎಮ್ಮೆಗೆ ಅಲ್ಲಿ ಜಾಗವಿರಲಿಲ್ಲ. ಕಡೆಗೆ ಒಂದು ಅಂಕಿ ಒತ್ತಿ ಮುಂದಿನ ಪ್ರಶ್ನೆಗೆ ಹೋದಳು. ಅವಳ ಮುಖ ಸಣ್ಣದಾದದ್ದನ್ನು ನಾನು ಕಂಡೆ. ಮೂವತ್ತೆರಡು ವರ್ಷ ನನ್ನ ಮುಖವೂ ಹಾಗೇ ಆಗುತ್ತಿತ್ತು. ಆ ಹುಡುಗಿಗೆ ಹೇಳಬೇಕೆಂದು ತೋಚಿದ ಮಾತು ಅವತ್ತು ಬಾಯಿಗೆ ಬರಲಿಲ್ಲ. ಈಗ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಇಂಥ ಓದು ಒಂದು ಇದೆ ಎಂಬುದೇ ಹಳ್ಳಿಗೆ ಗೊತ್ತಿರಲಿಲ್ಲ. ಆರೋಗ್ಯದ ಓದು ಎಂದರೆ ಡಾಕ್ಟರಿಕೆ, ಇಲ್ಲವೇ ನರ್ಸಿಂಗ್. ಈಗ ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಎಂಪಿಎಚ್, ಇದೆ, ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಇದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಇದೆ, ಮಣಿಪಾಲದಲ್ಲಿ ಇದೆ. ದೇಶದಲ್ಲಿ ಇದಕ್ಕೆ ದಾರಿ ತೋರಿದ್ದು ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, 1997ರಲ್ಲಿ. ರೈತರ ಮನೆಯ ಹುಡುಗಿ ಬಸ್ ಹಿಡಿದು ಬೆಳಗಾವಿಗೆ ಹೋಗಿ ಆರೋಗ್ಯ ವ್ಯವಸ್ಥೆ ಹೇಗೆ ನಡೆಯುತ್ತದೆ, ಹಣ ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂದು ಎರಡು ವರ್ಷ ಓದುತ್ತಾಳೆ ಎಂದರೆ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷ.

ಈ ಓದಿಗೂ ನಮ್ಮ ನೆಲಕ್ಕೂ ಹಳೆಯ ನಂಟಿದೆ. ಧಾರವಾಡದಲ್ಲಿ ಹುಟ್ಟಿದ ಡಾ. ನಾ.ಸು. ಹರ್ಡೀಕರರು ಕಲಕತ್ತೆಯಲ್ಲಿ ವೈದ್ಯಕೀಯ ಕಲಿತು, ಅಮೆರಿಕಕ್ಕೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನೇ ಓದಿದವರು. ಅಲ್ಲಿ ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿ, ಮರಳಿ ಬಂದು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಆ ಸ್ವಯಂಸೇವಕರದೇ ದುಡಿತ. ಅದೇ ಹರ್ಡೀಕರರು ನಮ್ಮ ಗೋಕಾಕ ತಾಲೂಕಿನ ಘಟಪ್ರಭೆಗೆ ಬಂದು ಅಲ್ಲಿಯ ಕರ್ನಾಟಕ ಆರೋಗ್ಯ ಸಂಸ್ಥೆಗೆ ಹೆಗಲು ಕೊಟ್ಟರು. ಮಿಶಿಗನ್‌ನಿಂದ ಘಟಪ್ರಭೆಗೆ! ರೈಲು ನಿಂತರೆ ಇಳಿಯುವವರು ಬೆರಳೆಣಿಕೆಯಷ್ಟಿದ್ದ ಸ್ಟೇಷನ್ನಿಗೆ ಇಷ್ಟು ಓದಿದ ಮನುಷ್ಯ ಬಂದು ಇಳಿದದ್ದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ನಿಮ್ಮ ಪಾಠದಲ್ಲಿ ಅವರ ಹೆಸರು ಬಾರದಿದ್ದರೆ ನೀವೇ ಎದ್ದು ಹೇಳಿ.

ಇನ್ನೊಂದು ಕಥೆಯನ್ನು ಬಿಡಿಸಿ ಹೇಳಬೇಕು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಅಮೆರಿಕದ ಮಿಸೌರಿಯ ವಿಶ್ವವಿದ್ಯಾಲಯದವರೂ ಸೇರಿ ನಡೆಸಿದ್ದು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ನುಂಗಿಸಿದರೆ ತಾಯಿಗೆ ರಕ್ತಸ್ರಾವ ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ. ಆಸ್ಪತ್ರೆಯಲ್ಲಿ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಸೂಜಿ ಬೇಕು, ಚುಚ್ಚುವ ಕೈ ಬೇಕು. ಮಾತ್ರೆಗೆ ಒಂದು ಲೋಟ ನೀರು ಸಾಕು. 1620 ತಾಯಂದಿರು ಒಪ್ಪಿದರು. 812 ಮಂದಿಗೆ ಮಾತ್ರೆ, 808 ಮಂದಿಗೆ ಅದರಂತೆಯೇ ಕಾಣುವ ಔಷಧವಿಲ್ಲದ ಗುಳಿಗೆ. ಆ ಹೆರಿಗೆಗಳನ್ನು ಮಾಡಿಸಿದವರು ನನ್ನಂಥ 25 ಮಂದಿ ಎಎನ್‌ಎಂಗಳು. ಮನೆಯಲ್ಲಿ, ಉಪಕೇಂದ್ರದಲ್ಲಿ, ರಾತ್ರಿ ಕಂದೀಲಿನ ಬೆಳಕಿನಲ್ಲಿ ಹೆರಿಗೆ ಮಾಡಿಸಿ ಕೈ ಪಳಗಿದ ಹೆಂಗಸರು. ನಾನು ಆ 25ರಲ್ಲಿ ಒಬ್ಬಳಲ್ಲ. ಆದರೂ ಅವರ ಕೈ ನನ್ನ ಕೈಯಂಥದೇ ಎಂದು ಹೆಮ್ಮೆ.

ರಕ್ತವನ್ನು ಅಳೆಯುವುದೇ ಅಲ್ಲಿ ದೊಡ್ಡ ಕಷ್ಟ. ನಾವೆಲ್ಲ ಕಣ್ಣಂದಾಜಿನಲ್ಲಿ ಹೇಳುತ್ತಿದ್ದೆವು. "ಎರಡು ಸೀರಿ ತೊಯ್ದಾವ್ರಿ" ಎಂದು ಬಾಣಂತಿಯ ತಾಯಿ ಹೇಳುವಳು. ಸೀರೆ ಹತ್ತಿಯದೋ ಪಾಲಿಸ್ಟರೋ ನೋಡಿ ನಾವು 'ಸಾಧಾರಣ' ಎಂದು ಬರೆಯುವೆವು. ಗೋಣಿಚೀಲದ ಮೇಲೆ ಮಲಗಿಸಿದ್ದರೆ ಅದೂ ಇಲ್ಲ, ರಕ್ತವನ್ನೆಲ್ಲ ನೆಲ ಕುಡಿಯುತ್ತಿತ್ತು. ಬೆಳಗಾವಿಯ ಆ ವೈದ್ಯರು ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ತಾಯಿಯ ಸೊಂಟದ ಕೆಳಗೆ ಹಾಸುವುದು, ಹೊಟ್ಟೆಗೆ ದಾರ ಕಟ್ಟುವುದು. ಕೆಳಗೆ ಇಳಿಬಿದ್ದ ತುದಿ ಆಲಿಕೆಯಂತೆ ಚೂಪಾಗಿ, ಅದರ ಮೇಲೆ ಮಿಲಿಲೀಟರಿನ ಗೆರೆಗಳು. ಅರ್ಧ ಲೀಟರಿನ ಗೆರೆ ದಾಟಿತೆಂದರೆ ಅಪಾಯ. ಓದು ಬಾರದ ಅಜ್ಜಿಗೂ ಗೆರೆ ಕಾಣುತ್ತದೆ.

ಫಲಿತಾಂಶ 2006ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗುಳಿಗೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಗಿದ್ದರೆ, ಮಾತ್ರೆ ಪಡೆದವರಲ್ಲಿ 6.4. ಪ್ರತಿ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳಿಗೆ ಆ ಗಂಡಾಂತರ ತಪ್ಪುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗೆರೆ ಹಾಕಿದ ಅಂಥ ಹಾಳೆಯ ಕಥೆಯೂ ಅಲ್ಲಿಗೆ ನಿಲ್ಲಲಿಲ್ಲ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಅಧ್ಯಯನದಲ್ಲಿ, ಅಳತೆಯ ಹಾಳೆ ಹಾಸಿ, ಗೆರೆ ದಾಟಿದ ಕೂಡಲೇ ಐದು ಚಿಕಿತ್ಸೆಗಳನ್ನು ಒಟ್ಟಿಗೆ ಶುರು ಮಾಡಿದ ಕಡೆ ರಕ್ತಸ್ರಾವದ ಗಂಭೀರ ಪರಿಣಾಮಗಳು ನೂರಕ್ಕೆ 60ರಷ್ಟು ಇಳಿದವು. 2023ರಲ್ಲಿ ಅದು ಪ್ರಕಟವಾಯಿತು. ನಮ್ಮ ಜಿಲ್ಲೆಯ ಹಳ್ಳಿಯ ಕತ್ತಲೆ ಕೋಣೆಯಿಂದ ಜಗತ್ತು ಇಷ್ಟು ಕಲಿಯಿತು.

ಈ ಕಥೆ ಮೂರೂ ತಾಲೂಕಿನ ಪ್ರತಿ ಸಾಲಿಯಲ್ಲಿ ಹುಡುಗಿಯರಿಗೆ ಹೇಳಬೇಕಾದ ಕಥೆ. ನನಗೆ ಇದು ಪೂರಾ ತಿಳಿದದ್ದು ನಿವೃತ್ತಿಯಾದ ಮೇಲೆ, ಮೊಮ್ಮಗಳು ಫೋನಿನಲ್ಲಿ ಓದಿ ಅರ್ಥ ಹೇಳಿದಾಗ. ನೀವು ಓದುವ ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲಿರುತ್ತವೆ, ಇರಲಿ, ಜಗತ್ತಿಗೆ ಮುಟ್ಟಬೇಕಲ್ಲ. ಆದರೆ ಯಾರ ಮೈಯಿಂದ ಆ ಅಂಕಿ ಬಂತೋ ಅವಳಿಗೂ ಮುಟ್ಟಬೇಕು. ನಾನು ಕಂಡಂತೆ ಲೆಕ್ಕ ಯಾವಾಗಲೂ ಮೇಲಕ್ಕೇ ಹೋಯಿತು. ಆಶಾ ಕಾರ್ಯಕರ್ತೆಯ ಡೈರಿಯಿಂದ ನನ್ನ ರಜಿಸ್ಟರಿಗೆ, ಅಲ್ಲಿಂದ ಪಿಎಚ್‌ಸಿಗೆ, ತಾಲೂಕಿಗೆ, ಜಿಲ್ಲೆಗೆ, ಬೆಂಗಳೂರಿಗೆ, ದಿಲ್ಲಿಗೆ. ಉತ್ತರ ಕೆಳಗಿಳಿದು ಬಂದದ್ದು ಬಹಳ ಕಡಿಮೆ. ಒಮ್ಮೆ ಒಂದು ಉಪಕೇಂದ್ರದಲ್ಲಿದ್ದಾಗ ಮೂರು ತಿಂಗಳು ಕಬ್ಬಿಣಾಂಶದ ಮಾತ್ರೆ ಮುಗಿದಿದೆ ಎಂದು ಬರೆದು ಕಳಿಸಿದೆ. ಮೂರು ತಿಂಗಳೂ ಪರಿಶೀಲನಾ ಸಭೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ ಪ್ರಶ್ನೆ ಒಂದೇ: "ರಕ್ತಹೀನತೆ ಸಾಧನೆ ಯಾಕೆ ಕಡಿಮೆ?" ಮಾತ್ರೆ ಇಲ್ಲ ಎಂಬುದು ಒಂದು ಕಾಲಮ್ಮಿನಲ್ಲಿತ್ತು, ಸಾಧನೆ ಕಡಿಮೆ ಎಂಬುದು ಇನ್ನೊಂದರಲ್ಲಿತ್ತು. ಎರಡನ್ನೂ ಕೂಡಿಸಿ ಓದಿದವರು ಯಾರೂ ಇರಲಿಲ್ಲ. ಮಕ್ಕಳೇ, ಆ ಓದುವ ಕೆಲಸಕ್ಕೆ ನೀವು ಬೇಕು.

ಏಳನೆಯ ಈಯತ್ತೆಯಲ್ಲಿ ನಮಗೆಲ್ಲ ಭಿನ್ನರಾಶಿ ಕಲಿಸಿದ್ದರು. ಮೇಲಿನದು ಅಂಶ, ಕೆಳಗಿನದು ಛೇದ. ಇಲಾಖೆಯ ಸಭೆಗಳಲ್ಲಿ ಅಂಶದ ಮೇಲೆಯೇ ಜಗಳ: ಎಷ್ಟು ಲಸಿಕೆ, ಎಷ್ಟು ಹೆರಿಗೆ, ಎಷ್ಟು ನೋಂದಣಿ. ನನ್ನ ಅನುಭವದಲ್ಲಿ ತಪ್ಪು ಬಹುಪಾಲು ಛೇದದಲ್ಲಿರುತ್ತದೆ. ಯಾರನ್ನು ಎಣಿಸಿದ್ದೇವೆ, ಯಾರನ್ನು ಬಿಟ್ಟಿದ್ದೇವೆ ಎಂಬಲ್ಲಿ.

ದೀಪಾವಳಿ ಕಳೆಯುತ್ತಲೇ ನಮ್ಮ ಮೂರೂ ತಾಲೂಕಿನಲ್ಲಿ ಸಕ್ಕರೆ ಕಾರ್ಖಾನೆಗಳ ಹೊಗೆ ಏಳುತ್ತದೆ. ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಮಹಾರಾಷ್ಟ್ರದ ಕಡೆಯಿಂದ, ವಿಜಯಪುರದ ಕಡೆಯಿಂದ, ಗಂಡ ಹೆಂಡತಿ ಜೋಡಿಯಾಗಿ. ಗಂಡ ಕಡಿಯುತ್ತಾನೆ, ಹೆಂಡತಿ ಕಟ್ಟು ಕಟ್ಟಿ ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾಳೆ. ಹೊಲದ ಬದುವಿಗೆ ಜೋಪಡಿ. ಅವರಲ್ಲಿ ಬಸುರಿಯರಿರುತ್ತಾರೆ. ಅವರ ತಾಯಿ ಕಾರ್ಡ್ ಅವರ ಊರಲ್ಲಿ, ಹೆಸರು ಅಲ್ಲಿಯ ನರ್ಸಿನ ರಜಿಸ್ಟರಿನಲ್ಲಿ. ಅಲ್ಲಿ ಅವಳು 'ವಲಸೆ', ಇಲ್ಲಿ ಅವಳು ಯಾರೂ ಅಲ್ಲ. ಒಂದು ಜನವರಿಯ ನಸುಕಿನಲ್ಲಿ ಗ್ಯಾಂಗಿನ ಮುಕಾದಮ ನನ್ನ ಬಾಗಿಲು ಬಡಿದ. ಹೋಗಿ ನೋಡಿದರೆ ಜೋಪಡಿಯಲ್ಲಿ ಕಬ್ಬಿನ ಸೋಗೆಯ ಮೇಲೆ ಹೆರಿಗೆ ಆಗಿಹೋಗಿತ್ತು, ಕರುಳಬಳ್ಳಿ ಇನ್ನೂ ಕತ್ತರಿಸಿರಲಿಲ್ಲ. ತಾಯಿಯ ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಬೆರಳುಗಳ ತುಂಬ ಕಬ್ಬಿನ ಎಲೆ ಸೀಳಿದ ಗೀರು. ಕೂಸು ಬದುಕಿತು, ಅವಳೂ ಬದುಕಿದಳು. ಮಾತ್ರೆ ಕೊಟ್ಟೆ, ಕೂಸಿಗೆ ಚುಚ್ಚುಮದ್ದು ಹಾಕಿದೆ, ರಜಿಸ್ಟರಿನ ಹಿಂದಿನ ಪುಟದಲ್ಲಿ ಬರೆದೆ, ಯಾಕೆಂದರೆ ಮುಂದಿನ ಪುಟಗಳು ನಮ್ಮ ಊರವರಿಗೆ. ಎಂಟು ದಿನಕ್ಕೆ ಅವಳು ಮತ್ತೆ ಹೊಲದಲ್ಲಿದ್ದಳು. ಆ ವರ್ಷ ನಮ್ಮ ಉಪಕೇಂದ್ರ ಆಸ್ಪತ್ರೆ ಹೆರಿಗೆಯಲ್ಲಿ ನೂರಕ್ಕೆ ನೂರು ಸಾಧಿಸಿತು ಎಂದು ಚಪ್ಪಾಳೆ ಹೊಡೆದರು. ನಾನೂ ಎದ್ದು ನಿಂತು ಆ ಚಪ್ಪಾಳೆ ತೆಗೆದುಕೊಂಡೆ. ಆ ನೋವು ಇನ್ನೂ ಹೋಗಿಲ್ಲ.

ಸಂಕೇಶ್ವರ, ಹುಕ್ಕೇರಿಯ ಕಡೆ ಇನ್ನೊಂದು ಬಗೆ. ಮಗಳನ್ನು ಗಡಿಯಾಚೆ ಮಹಾರಾಷ್ಟ್ರದ ಗಡಹಿಂಗ್ಲಜಕ್ಕೆ ಕೊಟ್ಟಿರುತ್ತಾರೆ, ಸೊಸೆಯನ್ನು ಅಲ್ಲಿಂದ ತಂದಿರುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಜೀವಕ್ಕೆ ಬಂತೆಂದರೆ ಕೊಲ್ಹಾಪುರ, ಮಿರಜ. ನೆಂಟಸ್ತನಕ್ಕೆ ಗಡಿ ಇಲ್ಲ, ಕಾಯಿಲೆಗೂ ಇಲ್ಲ, ರಜಿಸ್ಟರಿಗೆ ಮಾತ್ರ ಇದೆ. ಎಷ್ಟೋ ಬಾಣಂತಿಯರ ಮುಂದಿನ ಕಥೆ ನನಗೆ ಸಂತೆಯಲ್ಲಿ ಅವರ ಅತ್ತೆ ಸಿಕ್ಕಾಗಲೇ ಗೊತ್ತಾದದ್ದು.

ಮೂಡಲಗಿ ಗೋಕಾಕದಿಂದ ಬೇರೆಯಾದಾಗ ಒಂದು ಸಣ್ಣ ಪಾಠ ಕಲಿತೆ, ಅದನ್ನೂ ಕೇಳಿ. ಊರುಗಳು ಇದ್ದಲ್ಲೇ ಇದ್ದವು, ಹೆರಿಗೆಗಳೂ ಇದ್ದಷ್ಟೇ. ಗೋಕಾಕ ತಾಲೂಕಿನ ಅಂಕಿ ಮಾತ್ರ ಒಮ್ಮೆಲೇ ಇಳಿಯಿತು. ಹತ್ತು ವರ್ಷದ ನಕ್ಷೆ ಎಳೆಯುವ ಹುಡುಗ ದೂರದ ಊರಿನಲ್ಲಿ ಕುಳಿತು, ಗೋಕಾಕದಲ್ಲಿ ಏನೋ ದೊಡ್ಡ ಬದಲಾವಣೆಯಾಗಿದೆ ಎಂದು ಬರೆದುಬಿಡಬಹುದು. ಬಸ್ ಹತ್ತಿ ಬಂದವನು ಮೂಡಲಗಿ ನಿಲ್ದಾಣದಲ್ಲಿ ಚಹಾ ಕುಡಿಯುವಷ್ಟರಲ್ಲಿ ಕಾರಣ ತಿಳಿದುಕೊಳ್ಳುತ್ತಾನೆ.

ಅದೇ ಮೂಡಲಗಿಯ ಹೆಸರು 2022ರ ಜೂನ್ ತಿಂಗಳಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಚರಂಡಿಯಲ್ಲಿ ಬಾಟಲಿಗಳೊಳಗೆ ಏಳು ಭ್ರೂಣಗಳು ಸಿಕ್ಕಿದ್ದವು. ಅವತ್ತು ಮನೆಯಲ್ಲಿ ಒಲೆ ಹಚ್ಚುವ ಮನಸ್ಸಾಗಲಿಲ್ಲ. ಏಳು. ರಜಿಸ್ಟರಿನಲ್ಲಿ ಏಳು ಸಾಲು. ಭ್ರೂಣಲಿಂಗ ಪತ್ತೆ ತಡೆಯಲು 1994ರಿಂದ ಕಾನೂನಿದೆ. ಬಸುರಿಗೆ ಮಾಡುವ ಪ್ರತಿ ಸ್ಕ್ಯಾನಿಂಗಿಗೂ 'ಎಫ್' ನಮೂನೆ ತುಂಬಬೇಕು, ಮುಂದಿನ ತಿಂಗಳ ಐದನೆಯ ತಾರೀಕಿನೊಳಗೆ ಲೆಕ್ಕ ಒಪ್ಪಿಸಬೇಕು. ನಮೂನೆಗಳು ಗಂಟುಗಟ್ಟಲೆ ಬರುತ್ತವೆ. ಅವನ್ನು ತಾಯಿ ಕಾರ್ಡಿನ ಪಕ್ಕ ಇಟ್ಟು, 'ಇವಳು ಮೂರನೆಯ ತಿಂಗಳಲ್ಲಿ ನೋಂದಣಿಯಾದಳು, ಐದರಲ್ಲಿ ಸ್ಕ್ಯಾನ್ ಆಯಿತು, ಆರರಿಂದ ಕಾಣುತ್ತಿಲ್ಲ, ಏನಾಯಿತು?' ಎಂದು ಕೇಳುವವರು ಬೇಕು. ಸಂಶಯದಿಂದ ಆ ಹೆಣ್ಣುಮಗಳ ಬಾಗಿಲು ಬಡಿಯಲಿಕ್ಕಲ್ಲ. ಅವಳೇ ಮೊದಲ ನೊಂದವಳು. ಇನ್ನೂ ಮುಂದೆ ಹೋಗಿ, ಯಂತ್ರವಿದ್ದ ಕೋಣೆಯ ಬಾಗಿಲು ಬಡಿಯಲಿಕ್ಕೆ. ಆಡಳಿತ ಎಂಬ ಒಣ ಶಬ್ದದ ಒಳಗೆ ಇಂಥ ಜೀವದ ಪ್ರಶ್ನೆ ಇರುತ್ತದೆ ಎಂದು ನಿಮಗೆ ಕ್ಲಾಸಿನಲ್ಲಿ ಹೇಳುತ್ತಾರೋ ಇಲ್ಲವೋ, ನಾನು ಹೇಳುತ್ತಿದ್ದೇನೆ.

ಒಳ್ಳೆಯದೂ ಆಗಿದೆ, ಮುಚ್ಚಿಡಬಾರದು. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ತೀರಿಕೊಳ್ಳುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 108 ಆಂಬುಲೆನ್ಸ್ ಬಂತು, ಆಶಾ ಕಾರ್ಯಕರ್ತೆಯರು ಬಂದರು, ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. ಅಷ್ಟು ದೂರ ಬಂದ ಮೇಲೂ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ತಾಯಂದಿರು ಸತ್ತರು, ರಕ್ತನಾಳಕ್ಕೆ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು. ಆಮೇಲೆ ಸರ್ಕಾರವೇ ಆ ವರ್ಷದ ಏಪ್ರಿಲಿನಿಂದ ಡಿಸೆಂಬರಿನವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿ, ನೂರಕ್ಕೆ 70ಕ್ಕೂ ಹೆಚ್ಚನ್ನು ತಪ್ಪಿಸಬಹುದಿತ್ತು ಎಂದಿತು. ಬಾಣಂತಿಯ ಕೈಗೆ ಸೂಜಿ ಹಚ್ಚಿದ ನರ್ಸಿಗೆ ಆ ಬಾಟಲಿಯೊಳಗೆ ಏನಿದೆ ಎಂದು ಹೇಗೆ ಗೊತ್ತಾಗಬೇಕು? ಟೆಂಡರು, ಗುಣಮಟ್ಟದ ಪರೀಕ್ಷೆ, ಗೋದಾಮು, ತಡೆಹಿಡಿದ ಸರಕನ್ನು ಮತ್ತೆ ಬಿಡುವ ತೀರ್ಮಾನ: ಇದೆಲ್ಲ ನಿಮ್ಮ ಓದಿನ ಒಳಗಿನ ವಿಷಯ. 'ಖರೀದಿ ಮತ್ತು ಪೂರೈಕೆ' ಎಂಬ ಪಾಠ ಬಂದಾಗ ದಯಮಾಡಿ ಹಿಂದಿನ ಬೆಂಚಿಗೆ ಹೋಗಬೇಡಿ.

ಕೆಳಗಿನ ಕೆಲಸಕ್ಕೆ ಬುದ್ಧಿ ಬೇಡ, ಮೇಲಿನದಕ್ಕೆ ಬೇಕು ಎಂದು ಯಾರಾದರೂ ನಿಮಗೆ ಹೇಳಿದರೆ, 2019ರ ಆಗಸ್ಟ್ ತಿಂಗಳ ಈ ಸಂಗತಿ ಹೇಳಿ. ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಮಾರ್ಕಂಡೇಯ ನದಿಯೂ ತುಂಬಿ ಬಂದಿತ್ತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪೇಟೆಯಲ್ಲಿ ನೀರು ಅಂಗಡಿಗಳ ಒಳಗೆ ನಿಂತಿತು. ನನ್ನನ್ನು ಒಂದು ಸಾಲಿಯ ಕಾಳಜಿ ಕೇಂದ್ರಕ್ಕೆ ಹಾಕಿದ್ದರು. ನಾಲ್ಕೈದು ಊರಿನ ಮಂದಿ. ಉಟ್ಟ ಬಟ್ಟೆಯಲ್ಲಿ ಬಂದಿದ್ದರು. ತಾಯಿ ಕಾರ್ಡುಗಳು ನೀರುಪಾಲು. ಮೊದಲ ರಾತ್ರಿ ಕಂದೀಲು ಹಿಡಿದು ಕೋಣೆ ಕೋಣೆ ತಿರುಗಿ ಬಸುರಿಯರನ್ನು ಎಣಿಸಿದೆವು, ನಾನು ಮತ್ತು ಒಬ್ಬ ಆಶಾ ಕಾರ್ಯಕರ್ತೆ. ಹದಿನೇಳು ಮಂದಿ ಸಿಕ್ಕರು. ಗೋಡೆಯ ಮೇಲಿನ ಕ್ಯಾಲೆಂಡರ್ ಹರಿದು ಹಿಂಬದಿಗೆ ಪಟ್ಟಿ ಬರೆದೆ: ಹೆಸರು, ಊರು, ದಿನ ತುಂಬುವುದು ಎಂದು, ಮಲಗಿದ ಕೋಣೆ. ದಿನ ಹತ್ತಿರವಿದ್ದವರ ಹೆಸರು ಮೇಲೆ. ಮೇಲಿನ ಮೂವರನ್ನು ನೀರು ಇನ್ನೂ ಏರುವ ಮೊದಲೇ ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆ ಇರುವ ದಡಕ್ಕೆ ದಾಟಿಸಿದೆವು. ಅವರಲ್ಲಿ ಒಬ್ಬಳಿಗೆ ಮರುದಿನ ಸಂಜೆಯೇ ಹೆರಿಗೆಯಾಯಿತು. ಆ ಹೊತ್ತಿಗೆ ಸಾಲಿಯಿಂದ ಹೊರಡುವ ದಾರಿಯಲ್ಲಿ ಎದೆಮಟ್ಟ ನೀರು. ನಾನು ಯಾವ ಔಷಧವನ್ನೂ ಕೊಟ್ಟಿರಲಿಲ್ಲ. ಒಂದು ಪಟ್ಟಿಯನ್ನು ಸರಿಯಾದ ಕ್ರಮದಲ್ಲಿ ಬರೆದಿದ್ದೆ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರಿರಬಹುದು. ಆ ಕ್ಯಾಲೆಂಡರ್ ಹಾಳೆ ಈಗಲೂ ನನ್ನ ಟ್ರಂಕಿನಲ್ಲಿದೆ, ಅಂಚು ಕಂದಿದೆ, ಅಕ್ಷರ ಹಾಗೇ ಇವೆ.

ಆಶಾ ಕಾರ್ಯಕರ್ತೆಯರ ಬಗ್ಗೆ ಒಂದು ಮಾತು. ನೀವು ಹಳ್ಳಿಗೆ ಬಂದಾಗ ನಿಮಗೆ ಮನೆ ತೋರಿಸುವವರು, ನಿಮ್ಮ ಪ್ರಶ್ನೆಯನ್ನು ನಮ್ಮ ಮಾತಿಗೆ ತಿರುಗಿಸುವವರು ಅವರೇ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕುಳಿತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಬಂದರು. ಅವರ ದೊಡ್ಡ ದೂರುಗಳಲ್ಲಿ ಪೋರ್ಟಲಿನದೂ ಒಂದು. ಕೆಲಸ ಮಾಡಿರುತ್ತಾರೆ, ಕಂಪ್ಯೂಟರಿನಲ್ಲಿ ದಾಖಲಾಗಿರುವುದಿಲ್ಲ, ಪ್ರೋತ್ಸಾಹಧನ ಬರುವುದಿಲ್ಲ. ನಾಳೆ ನಿಮ್ಮಲ್ಲೇ ಒಬ್ಬರು ಅಂಥ ಪೋರ್ಟಲ್ ಹೇಗಿರಬೇಕು ಎಂದು ತೀರ್ಮಾನಿಸುವ ಮೇಜಿನ ಮುಂದೆ ಕೂರುತ್ತಾರೆ. ಅವತ್ತು ಇವರ ಮುಖ ನೆನಪಿರಲಿ.

ಓದು ಮುಗಿದ ಮೇಲೆ ನೀವು ಎಲ್ಲಿಗೆ ಹೋಗುತ್ತೀರಿ ಎಂಬುದೂ ನನಗೆ ಗೊತ್ತಿದೆ. ದೊಡ್ಡ ಖಾಸಗಿ ಆಸ್ಪತ್ರೆಯ ಆಡಳಿತ ವಿಭಾಗ, ವಿಮಾ ಕಂಪನಿಯ ಕ್ಲೇಮು ನೋಡುವ ಕೆಲಸ, ಮೂರು ವರ್ಷದ ಯಾವುದೋ ಯೋಜನೆ. ನಿಮ್ಮನ್ನು ದೂರುವುದಿಲ್ಲ. ಫೀ ಕಟ್ಟಲು ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿರುತ್ತಾನೆ. ತಾಲೂಕಿನಲ್ಲಿ ನಿಮಗೆ ಸಿಗುವುದು ಹೆಚ್ಚೆಂದರೆ ಗುತ್ತಿಗೆಯ ಕೆಲಸ. ತಾಲೂಕು ಆರೋಗ್ಯಾಧಿಕಾರಿಗಳು ವೈದ್ಯರು. ರೋಗಿ ನೋಡುವುದನ್ನು ವರ್ಷಗಟ್ಟಲೆ ಕಲಿತು, ಆಮೇಲೆ ಸಭೆ, ಕೋರ್ಟು, ಕಾಮಗಾರಿ, ಪೋರ್ಟಲುಗಳಲ್ಲಿ ಅವರ ದಿನ ಹೋಗುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಪ್ರತಿ ರಾಜ್ಯದಲ್ಲೂ ಸಾರ್ವಜನಿಕ ಆರೋಗ್ಯ ನಿರ್ವಹಣೆಗೇ ಬೇರೆ ವೃಂದ ಇರಬೇಕು ಎಂದಿತು, 2022ರಲ್ಲಿ ಕೇಂದ್ರ ಅದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿತು. ಆ ಕಾಗದ ನಮ್ಮ ತಾಲೂಕಿನವರೆಗೆ ಇಳಿದು, ಒಂದು ಕಾಯಂ ಖುರ್ಚಿಯಾಗಿ ನಿಲ್ಲಬೇಕು. ಅದನ್ನು ಕೇಳುವ ದನಿ ನಿಮ್ಮದಾಗಬೇಕು, ನಮ್ಮಂಥವರು ಹಿಂದೆ ನಿಲ್ಲುತ್ತೇವೆ.

ನಮ್ಮ ಮಂದಿಗೆ ಸಂಸ್ಥೆ ನಡೆಸುವುದು ಬಾರದು ಎಂದು ಯಾರೂ ಹೇಳಲಾರರು. ಹುಕ್ಕೇರಿಯವರು 1969ರಿಂದ ಕರೆಂಟನ್ನೇ ಸಹಕಾರಿ ಸಂಘದಿಂದ ಹಂಚುತ್ತಿದ್ದಾರೆ. ತಂತಿ, ಕಂಬ, ಬಿಲ್ಲು, ಸರ್ವಸಾಧಾರಣ ಸಭೆ, ಅಲ್ಲಿಯ ಗದ್ದಲ, ಎಲ್ಲವೂ ಸದಸ್ಯರದೇ. ಅದೇ ಸದಸ್ಯರು ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿ ಸಭೆಗೆ ಬಂದಾಗ ಸಹಿ ಮಾಡಿ ಚಹಾ ಕುಡಿದು ಹೋಗುತ್ತಿದ್ದರು. ಲೆಕ್ಕವನ್ನು ಅವರಿಗೆ ಅರ್ಥವಾಗುವ ಹಾಗೆ ಮುಂದಿಟ್ಟವರು ಇರಲಿಲ್ಲ. ಒಂದೇ ಒಂದು ಸಲ, ನಮ್ಮ ಊರಿನ ವರ್ಷದ ಹೆರಿಗೆಗಳನ್ನು ಓಣಿವಾರು ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದಿದ್ದೆ. ಯಾವ ಓಣಿಯಲ್ಲಿ ಕೂಸುಗಳ ತೂಕ ಕಡಿಮೆ ಎಂದು ಕಂಡ ಕೂಡಲೇ ಒಬ್ಬ ಹಿರಿಯರು ಎದ್ದರು: "ಆ ಓಣಿಗೆ ನಳದ ನೀರಿಲ್ಲರಿ ಬಾಯಾರ. ಬಸುರಿ ಹೆಂಗಸ್ರು ಕೊಡ ಹೊತ್ತು ಹೊತ್ತು ಸಾಯ್ತಾರ." ಹದಿನೈದು ದಿನದಲ್ಲಿ ಆ ಓಣಿಗೆ ನಳ ಬಂತು. ಲೆಕ್ಕ ಕೆಳಗಿಳಿದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅವತ್ತು.

ನಿಮ್ಮಿಂದ ನಾನು ಕೇಳುವುದೂ ಅದನ್ನೇ. ಪ್ರಬಂಧ ಬರೆಯಲು ನಮ್ಮ ಊರುಗಳಿಗೆ ಬನ್ನಿ, ಬೇಕಾದಷ್ಟು ಪ್ರಶ್ನೆ ಕೇಳಿ. ಬರೆದಾದ ಮೇಲೆ ಇನ್ನೊಂದು ಸಲ ಬನ್ನಿ. ನಿಮಗೆ ಸಿಕ್ಕ ಉತ್ತರವನ್ನು ಕನ್ನಡದಲ್ಲಿ, ಎರಡೇ ಪುಟ, ಗ್ರಾಮಸಭೆಯಲ್ಲಿ ಓದಿ ಹೇಳಿ. ಎಮ್ಮೆ ಮಾರಿದವಳು ಅಲ್ಲಿ ಕುಳಿತಿರಲಿ, ತಪ್ಪಿದ್ದರೆ ತಿದ್ದಲಿ. ಇದನ್ನು ಪದವಿಯ ನಿಯಮವನ್ನಾಗಿಯೇ ಮಾಡಿ ಎಂದು ನಿಮ್ಮ ಗುರುಗಳನ್ನೂ ಕೈಮುಗಿದು ಕೇಳುತ್ತೇನೆ.

ಗುರುವಾರ ಲಸಿಕೆ ದಿನ. ಬೆಳಿಗ್ಗೆ ಒಂಬತ್ತೂವರೆಗೆ ಅಂಗನವಾಡಿಯ ಜಗಲಿಯ ಮೇಲೆ ನೀಲಿ ಡಬ್ಬಿ ಬಂದಿರುತ್ತದೆ, ಕೂಸುಗಳ ಅಳು ಶುರುವಾಗಿರುತ್ತದೆ. ನನ್ನ ನಂತರ ಬಂದ ಹುಡುಗಿ ಜಾಣೆ, ಆದರೆ ಒಬ್ಬಳೇ. ಚುಚ್ಚುಮದ್ದು ಹಾಕುವುದೂ ಅವಳೇ, ಬರೆಯುವುದೂ ಅವಳೇ. ನಾನು ಆಗಾಗ ಹೋಗಿ ಕಾರ್ಡು ಹುಡುಕಿಕೊಡುತ್ತೇನೆ. ಪಕ್ಕದಲ್ಲಿ ಇನ್ನೊಂದು ಖುರ್ಚಿ ಖಾಲಿ ಇರುತ್ತದೆ. ಬರುವಾಗ ಪೆನ್ನು ತನ್ನಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ನರ್ಸಬಾಯಿ